ವಾಹನ ಪ್ರಶ್ನೋತ್ತರ: ಹಳೆಯ ಡೀಸೆಲ್ ಜೀಪಿನಲ್ಲಿ ಆಯಿಲ್ ಸೋರುವುದು ಎಲ್ಲಿಂದ?

ಪ್ರಶ್ನೆ: ನನ್ನ ಬಳಿ 2003ರ ಮಾದರಿಯ, ಟರ್ಬೊ ಇರುವ ನಾಲ್ಕು ಸಿಲಿಂಡರಿನ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿಯಿದೆ. ನಗರದೊಳಗೆ ಹೆಚ್ಚಾಗಿ ಓಡಿಸುವುದಿಲ್ಲ. ಆಗಾಗ ಸಕಲೇಶಪುರದ ಕಡೆಯ ತೋಟಕ್ಕೆ ಹೋಗಿ ಬರುತ್ತೇನೆ. ಕಳೆದ ಮಳೆಗಾಲದಿಂದ ಎಂಜಿನ್ ಆಯಿಲ್ ಸೋರುತ್ತಿದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ ಜಾಗದಲ್ಲಿ ಬೆಳಗಾಗುವಷ್ಟರಲ್ಲಿ ಅಂಗೈಯಗಲದ ಕಲೆ ಬಿದ್ದಿರುತ್ತದೆ. ಸಾವಿರ ಕಿಲೋಮೀಟರಿಗೆ ಸುಮಾರು ಮುಕ್ಕಾಲು ಲೀಟರ್ ಆಯಿಲ್ ಮೇಲಿಂದ ಹಾಕಬೇಕಾಗಿದೆ. ಒಬ್ಬ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ ಹಿಂದಿನ ಕ್ರ್ಯಾಂಕ್ ಸೀಲ್ (ಎಂಜಿನ್ನಿನ ತಿರುಗುವ ದಂಡದ ಹಿಂತುದಿಯಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ) ಬದಲಿಸಬೇಕು ಎನ್ನುತ್ತಾರೆ; ಇನ್ನೊಬ್ಬರು ಬೋರ್ ಮಾಡಿಸದೆ (ಸವೆದ ಸಿಲಿಂಡರುಗಳನ್ನು ಕೊರೆಸಿ ಸರಿಪಡಿಸದೆ) ಗತಿಯಿಲ್ಲ ಎನ್ನುತ್ತಾರೆ. ಹಣ ಸುರಿಯುವ ಮೊದಲು ಸೋರುವ ಜಾಗವನ್ನು ನಾನೇ ಪತ್ತೆ ಮಾಡಬಹುದೆ?
— ಓದುಗರು, ರಾಜಾಜಿನಗರ

ಉತ್ತರ: ಮಾಡಬಹುದು, ಮತ್ತು ಮಾಡುವವರೆಗೆ ಇಬ್ಬರ ಸಲಹೆಯನ್ನೂ ಒಪ್ಪಿಕೊಳ್ಳಬೇಡಿ. ಅವರಿಬ್ಬರೂ ತಪ್ಪು ಹೇಳುತ್ತಿದ್ದಾರೆಂದಲ್ಲ, ಇಬ್ಬರೂ ಎಂಜಿನ್ನನ್ನು ತೊಳೆಯದೆಯೇ ತೀರ್ಮಾನಕ್ಕೆ ಬಂದಂತೆ ತೋರುತ್ತದೆ. ಆಯಿಲ್ ಎಲ್ಲಿಂದ ಹೊರಟರೂ ಕೊನೆಗೆ ಎಂಜಿನ್ನಿನ ಅತಿ ತಗ್ಗಿನ ತುದಿಗೆ ಹರಿದು ಅಲ್ಲಿಂದ ತೊಟ್ಟಿಕ್ಕುತ್ತದೆ. ಗಾಡಿ ಓಡುವಾಗ ಫ್ಯಾನಿನ ಗಾಳಿಯೂ ಎದುರುಗಾಳಿಯೂ ಸೇರಿ ಅದನ್ನು ಹಿಂದಕ್ಕೆ ತಳ್ಳುತ್ತವೆ. ಹಾಗಾಗಿ ಎಂಜಿನ್ನಿನ ತಲೆಯ ಮೇಲಿರುವ ಟ್ಯಾಪೆಟ್ ಕವರಿನ ಹಿಂಮೂಲೆಯಲ್ಲಿ ಪ್ಯಾಕಿಂಗ್ (ಸಂದು ಮುಚ್ಚುವ ಪದರ) ಸತ್ತಿದ್ದರೆ, ಆ ಆಯಿಲ್ ಬ್ಲಾಕಿನ ಬೆನ್ನಿನ ಮೇಲೆ ಇಳಿದು, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕ್ಲಚ್ ಹೌಸಿಂಗಿನ ಕೆಳತುದಿಯಲ್ಲಿ, ಅಂದರೆ ಹಿಂದಿನ ಕ್ರ್ಯಾಂಕ್ ಸೀಲ್ ಹೋದಾಗ ಎಲ್ಲಿ ತೊಟ್ಟಿಕ್ಕುತ್ತದೆಯೋ ಸರಿಯಾಗಿ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವು ನೂರು ರೂಪಾಯಿಯ ಪ್ಯಾಕಿಂಗಿಗಾಗಿ ಗೇರ್‌ಬಾಕ್ಸ್ ಇಳಿಸಿದ ಪ್ರಸಂಗಗಳು ನಡೆಯುವುದು ಹೀಗೆಯೇ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಮಿಲಿಲೀಟರಿಗೆ ಹೆಚ್ಚುಕಡಿಮೆ 20 ಹನಿಗಳೆಂದು ಹಿಡಿದರೆ, ನಿಮಿಷಕ್ಕೊಂದು ಹನಿಯಂತೆ 10 ಗಂಟೆ ಬಿದ್ದರೂ ಒಟ್ಟು 30 ಮಿಲಿಲೀಟರ್ ಆಗುತ್ತದೆ. ಅಂಗೈಯಗಲದ ಕಲೆಗೆ ಅಷ್ಟೂ ಬೇಕಾಗಿಲ್ಲ. ಅಂದಮೇಲೆ ನಿಮ್ಮ ಮುಕ್ಕಾಲು ಲೀಟರಿನ ಬಹುಪಾಲು ಬೇಸ್‌ಮೆಂಟಿನ ನೆಲಕ್ಕೆ ಬೀಳುತ್ತಿಲ್ಲ. ಎಂಜಿನ್ ಓಡುತ್ತಿರುವಾಗ, ಒತ್ತಡದಲ್ಲಿ, ರಸ್ತೆಯ ಮೇಲೆ ಹೋಗುತ್ತಿದೆ, ಅಥವಾ ಸಿಲಿಂಡರಿನೊಳಗೆ ಉರಿಯುತ್ತಿದೆ. ಉರಿಯುತ್ತಿದ್ದರೆ ಹೊಗೆ ನೀಲಿಯಾಗಿರುತ್ತದೆ. ಶಿರಾಡಿ ಘಾಟಿಯನ್ನು ಗೇರಿನಲ್ಲಿ ಇಳಿದು, ಕೆಳಗೆ ಬಂದ ಮೇಲೆ ಆಕ್ಸಿಲರೇಟರ್ ಒತ್ತಿದ ಕ್ಷಣದಲ್ಲಿ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಮತ್ತು ಗೈಡುಗಳ ಮೇಲೆ ಅನುಮಾನ ಪಡಬೇಕು. ಏರಿನಲ್ಲಿ ಎಡೆಬಿಡದೆ ಬಂದರೆ ಪಿಸ್ಟನ್ ರಿಂಗ್ ಅಥವಾ ಟರ್ಬೊ ಕಡೆ ನೋಡಬೇಕು. ಕಪ್ಪು ಹೊಗೆಗೂ ಆಯಿಲಿಗೂ ಸಂಬಂಧವಿಲ್ಲ, ಅದು ಡೀಸೆಲ್ಲಿನ ದೂರು.

ಎರಡನೆಯದಾಗಿ, ಬಿದ್ದಿರುವುದು ಎಂಜಿನ್ ಆಯಿಲೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಫೋರ್ ವೀಲ್ ಡ್ರೈವ್ ಗಾಡಿಯ ಹೊಟ್ಟೆಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಹಿಂದೆ ಮುಂದೆ ಎರಡು ಕ್ರೌನ್ (ಆಕ್ಸಲ್ ನಡುವಿನ ಗೇರುಗಳು), ಪವರ್ ಸ್ಟಿಯರಿಂಗ್ ಎಂದು ಹಲವು ಆಯಿಲುಗಳಿರುತ್ತವೆ. ರಾತ್ರಿ ಗಾಡಿಯ ಕೆಳಗೆ ದೊಡ್ಡ ರಟ್ಟಿನ ಹಾಳೆಯೊಂದನ್ನು ಹಾಸಿ, ಮುಂದಿನ ಎರಡು ಚಕ್ರಗಳು ಎಲ್ಲಿವೆಯೆಂದು ಅದರ ಮೇಲೆ ಗೀಟು ಎಳೆದಿಡಿ. ಬೆಳಿಗ್ಗೆ ಹನಿಯನ್ನು ಬಿಳಿಯ ಕಾಗದಕ್ಕೆ ಒತ್ತಿ ನೋಡಿದರೆ ಡೀಸೆಲ್ ಎಂಜಿನ್ನಿನ ಆಯಿಲ್ ಮಸಿಯಂತೆ ಕಪ್ಪಾಗಿರುತ್ತದೆ. ಗೇರ್ ಆಯಿಲ್ ಕಂದು ಬಣ್ಣದಲ್ಲಿ ಮಂದವಾಗಿದ್ದು, ಮೂಗಿಗೆ ಹಿಡಿದರೆ ಗಂಧಕದ ಘಾಟು ಹೊಡೆಯುತ್ತದೆ. ಪವರ್ ಸ್ಟಿಯರಿಂಗ್ ಆಯಿಲ್ ಸಾಮಾನ್ಯವಾಗಿ ಕೆಂಪು. ಹನಿ ಮುಂದಿನ ಚಕ್ರಗಳ ಗೀಟಿನಿಂದ ಬಹಳ ಹಿಂದಿದ್ದು ಘಾಟು ಹೊಡೆದರೆ ಅದು ಟ್ರಾನ್ಸ್‌ಫರ್ ಕೇಸಿನದಾಗಿರಬಹುದು, ಆಗ ಎಂಜಿನ್ನಿನ ತಂಟೆಗೆ ಹೋಗಬೇಕಾಗಿಲ್ಲ.

ತೊಳೆಯುವ ಮೊದಲು ಟಾರ್ಚ್ ಹಿಡಿದು ಒಮ್ಮೆ ನೋಡಿ. ತೋಟದ ಹಾದಿಯ ಕೆಮ್ಮಣ್ಣು ಆಯಿಲಿಗೆ ಅಂಟಿ ಎಂಜಿನ್ನಿನ ಮೇಲೆ ಹೆಪ್ಪುಗಟ್ಟಿರುತ್ತದೆ. ಗಟ್ಟಿಯಾಗಿ ಒಣಗಿ ಚಕ್ಕೆ ಏಳುವ ಜಾಗ ಹಳೆಯ ಸೋರಿಕೆಯದು, ಬಹುಶಃ ಎಂದೋ ನಿಂತುಹೋಗಿರುವುದು. ಆ ಕೆಸರಿನ ನಡುವೆ ಧೂಳೇ ನಿಲ್ಲದೆ ಕರ್ರಗೆ ಮಿನುಗುವ ಗೆರೆಯಿದ್ದರೆ ಅದು ಈಗಲೂ ಹರಿಯುತ್ತಿದೆ. ಆ ಗೆರೆಯ ಮೇಲ್ತುದಿಯನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಅನಂತರ ತೊಳೆಯಿಸಿ. ಡೀಸೆಲ್ ಮತ್ತು ಬ್ರಷ್ಷಿನಿಂದ ಜಿಡ್ಡು ಕರಗಿಸಿ, ಬಳಿಕ ನೀರು ಬಿಡಿಸಬಹುದು. ಆದರೆ ಸರ್ವಿಸ್ ಸ್ಟೇಷನ್ನಿನ ಹುಡುಗರು ಜೆಟ್ ಹಿಡಿಯುವ ಮೊದಲು ಡೈನಮೋ, ಸ್ಟಾರ್ಟರ್, ಏರ್ ಫಿಲ್ಟರಿನ ಬಾಯಿ ಮತ್ತು ವೈರಿಂಗ್ ಜೋಡಣೆಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿಸುವುದನ್ನು ಮರೆಯಬೇಡಿ. ಬಿಸಿ ಎಂಜಿನ್ನಿಗೆ ತಣ್ಣೀರು ಬಿಡಲೂ ಕೊಡಬೇಡಿ.

ಒಣಗಿದ ಮೇಲೆ ಬಯಲಿನಲ್ಲಿ (ಬೇಸ್‌ಮೆಂಟಿನಲ್ಲಿ ಬೇಡ, ಹೊಗೆ ತುಂಬಿಕೊಳ್ಳುತ್ತದೆ) ಹತ್ತು ಹದಿನೈದು ನಿಮಿಷ ಐಡ್ಲಿಂಗಿನಲ್ಲಿ ಓಡಿಸಿ, ಎಂಜಿನ್ ನಿಲ್ಲಿಸಿ, ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಹಿಂಭಾಗ ಕಾಣದಿದ್ದರೆ ಸಣ್ಣ ಕನ್ನಡಿಯೊಂದನ್ನು ಕೋಲಿಗೆ ಕಟ್ಟಿಕೊಳ್ಳಬಹುದು. ಏನೂ ಕಾಣದಿದ್ದರೆ ನೈಸ್ ರಸ್ತೆಯಂಥ ಕಡೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ, ಏಕೆಂದರೆ ಕೆಲವು ಸೋರಿಕೆಗಳು ಆಯಿಲ್ ಪೂರ್ತಿ ಬಿಸಿಯಾಗಿ ತೆಳುವಾದ ಮೇಲೆಯೇ ಆರಂಭವಾಗುತ್ತವೆ. ಅನುಮಾನದ ಜಾಗಗಳಿಗೆ ಮುಖಕ್ಕೆ ಹಚ್ಚುವ ಪೌಡರನ್ನೇ ಹತ್ತಿಯಿಂದ ತಟ್ಟಿಟ್ಟರೆ, ಒಂದೇ ಹನಿ ಜಿನುಗಿದರೂ ಬಿಳುಪಿನ ಮೇಲೆ ಕಪ್ಪು ಎಳೆ ಎದ್ದು ಕಾಣುತ್ತದೆ. ಬೆಲ್ಟು, ಫ್ಯಾನುಗಳ ಹತ್ತಿರ ಪೌಡರ್ ಬೇಡ. ಇದಕ್ಕೂ ಸಿಕ್ಕದ ಸೋರಿಕೆಗೆ ಆಯಿಲಿನಲ್ಲಿ ಬೆರೆಸುವ ಬಣ್ಣವೊಂದು ದೊರೆಯುತ್ತದೆ. ಅದನ್ನು ಹಾಕಿ ಓಡಿಸಿ, ಕತ್ತಲಲ್ಲಿ ಅತಿನೇರಳೆ ಟಾರ್ಚ್ ಬಿಟ್ಟರೆ ಸೋರಿದ ಹಾದಿ ಹಸಿರು ಹಳದಿಯಾಗಿ ಹೊಳೆಯುತ್ತದೆ. ಹೆಚ್ಚಿನವರಿಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳುವುದಿಲ್ಲ.

ನಿಮ್ಮ ಎಂಜಿನ್ನಿನಲ್ಲಿ ನಾನು ಮೊದಲು ಕೈಯಿಡುವುದು ಡೈನಮೋ ಹಿಂಭಾಗಕ್ಕೆ. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಹಳೆಯ ಡೀಸೆಲ್ ಎಂಜಿನ್ನಿನ ಗಾಳಿದಾರಿಯಲ್ಲಿ ಬ್ರೇಕಿಗೆ ಬೇಕಾದಷ್ಟು ವ್ಯಾಕ್ಯೂಮ್ (ನಿರ್ವಾತ) ಹುಟ್ಟುವುದಿಲ್ಲವಾದ್ದರಿಂದ, ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರಿಗಾಗಿ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಇಟ್ಟಿರುತ್ತಾರೆ, ಅನೇಕ ಗಾಡಿಗಳಲ್ಲಿ ಅದು ಡೈನಮೋ ಬೆನ್ನಿಗೇ ಕೂತಿರುತ್ತದೆ. ಅದಕ್ಕೆ ಬ್ಲಾಕಿನಿಂದ ಒತ್ತಡದ ಆಯಿಲ್ ತರುವ ತೆಳುವಾದ ಪೈಪೊಂದು, ಆಯಿಲನ್ನು ಮರಳಿ ಚೇಂಬರಿಗೆ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ) ಇಳಿಸುವ ದಪ್ಪ ರಬ್ಬರ್ ಹೋಸೊಂದು ಇರುತ್ತವೆ. ಆ ಹೋಸನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿ: ಮೆತ್ತಗೆ ಬಾಗಬೇಕು. ಇಪ್ಪತ್ತು ವರ್ಷದ ಬಿಸಿಗೆ ಅದು ಮರದಂತೆ ಗಡುಸಾಗಿ, ಕ್ಲಿಪ್ಪಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದ್ದರೆ, ಎಂಜಿನ್ ನಿಂತಾಗ ಒಂದು ಹನಿಯೂ ಬೀಳದೆ, ಓಡುವಾಗ ಮಾತ್ರ ಧಾರಾಳವಾಗಿ ಸೋರುತ್ತದೆ. ನಿಮ್ಮ ಲೆಕ್ಕಕ್ಕೆ ಹೊಂದುವ ಸೋರಿಕೆ ಇದು. ಪಂಪಿನ ಒಳಗಿನ ಸೀಲ್ ಹೋಗಿದ್ದರೆ ಆಯಿಲ್ ಡೈನಮೋದೊಳಕ್ಕೆ ನುಗ್ಗಿ ಕಾರ್ಬನ್ ಬ್ರಷ್ಷುಗಳನ್ನು ನೆನೆಸುತ್ತದೆ. ಚಾರ್ಜಿಂಗ್ ದೀಪ ಮಿಣುಕುತ್ತಿದೆಯೆಂದು ಡೈನಮೋ ರಿಪೇರಿಗೆ ಕೊಟ್ಟು, ಕಾರಣವನ್ನು ಹಾಗೇ ಬಿಟ್ಟವರು ಅನೇಕರು. ಇಲ್ಲಿ ಉದಾಸೀನ ಸಲ್ಲದು, ಪಂಪ್ ಕೈಕೊಟ್ಟರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ.

ಮುಂದಿನದು ಟರ್ಬೊ. ಅದಕ್ಕೆ ಆಯಿಲ್ ತರುವ ಪೈಪಿನ ಬ್ಯಾಂಜೋ ಬೋಲ್ಟಿನ (ಒಳಗೆ ಆಯಿಲ್ ಹರಿಯುವ ಟೊಳ್ಳು ಬೋಲ್ಟಿನ) ಎರಡೂ ಬದಿಯ ತಾಮ್ರದ ವಾಷರುಗಳನ್ನು ಒಮ್ಮೆ ಬಿಚ್ಚಿದ ಮೇಲೆ ಹೊಸದನ್ನೇ ಹಾಕಬೇಕು. ಇಲ್ಲಿ ಸೋರುವ ಆಯಿಲ್ ಎಕ್ಸಾಸ್ಟಿನ ಮೇಲೆ ಬಿದ್ದು ಅಲ್ಲೇ ಸುಟ್ಟುಹೋಗುವುದರಿಂದ ನೆಲದ ಮೇಲೆ ಗುರುತು ಸಿಗುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಸುಟ್ಟ ಆಯಿಲಿನ ವಾಸನೆ ಒಳಗೆ ಬರುತ್ತಿದ್ದರೆ ಅದೇ ಗುರುತು. ಬೆಂಕಿಯ ಅಪಾಯವಿರುವುದರಿಂದ ಇದನ್ನು ನಾಳೆಗೆ ಮುಂದೂಡಬಾರದು. ಆಯಿಲ್ ಫಿಲ್ಟರಿನ ಬುಡ ಮತ್ತು ಆಯಿಲ್ ಕೂಲರಿನ ರಬ್ಬರ್ ರಿಂಗುಗಳನ್ನು ಹಾಗೇ ನೋಡಿಕೊಳ್ಳಿ. ಆಯಿಲ್ ಪ್ರೆಷರ್ ಸ್ವಿಚ್ಚಿನ ವೈರ್ ಕಿತ್ತು ನೋಡಿದಾಗ ಅದರ ಸಾಕೆಟ್ ಒಳಗೆ ಒದ್ದೆಯಿದ್ದರೆ ಸ್ವಿಚ್ಚೇ ಸೋರುತ್ತಿದೆ. ಮುಂದಿನ ಕ್ರ್ಯಾಂಕ್ ಸೀಲ್ ಹೋಗಿದ್ದರೆ ಪುಲ್ಲಿ ಆಯಿಲನ್ನು ಎರಚಿ, ಬಾನೆಟ್ಟಿನ ಕೆಳಮೈಯ ಮೇಲೆ ಪುಲ್ಲಿಯ ನೇರಕ್ಕೆ ಪಟ್ಟೆ ಮೂಡಿರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು, ನಮ್ಮ ಗ್ಯಾರೇಜುಗಳಲ್ಲಿ ಹೆಚ್ಚಿನವರು ತಿರುಗಿಯೂ ನೋಡದಿರುವುದು, ಬ್ರೀದರ್. ಎಷ್ಟೇ ಒಳ್ಳೆಯ ಎಂಜಿನ್ನಾದರೂ ಉರಿದ ಅನಿಲದಲ್ಲಿ ಒಂದಷ್ಟು ಪಿಸ್ಟನ್ ರಿಂಗುಗಳನ್ನು ದಾಟಿ ಚೇಂಬರಿಗೆ ಇಳಿಯುತ್ತದೆ, ಅದನ್ನು ಹೊರಕ್ಕೆ ಅಥವಾ ಏರ್ ಫಿಲ್ಟರ್ ಪೈಪಿಗೆ ಸಾಗಿಸುವುದು ಬ್ರೀದರಿನ ಕೆಲಸ. ಬೆಂಗಳೂರಿನ ಟ್ರಾಫಿಕ್ಕಿನಲ್ಲೇ ಓಡುವ ಗಾಡಿಗಳು ಎಂಜಿನ್ ಪೂರ್ತಿ ಬಿಸಿಯಾಗದೆ ಮೂರು ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವುದೇ ಹೆಚ್ಚಾದ್ದರಿಂದ, ನೀರಾವಿಯೂ ಆಯಿಲೂ ಸೇರಿ ಗಂಜಿಯಾಗಿ ಬ್ರೀದರಿನ ಜಾಲರಿಯನ್ನೂ ಹೋಸನ್ನೂ ಕಟ್ಟಿಬಿಡುತ್ತವೆ. ಕುಕ್ಕರಿನ ವೆಯ್ಟ್ ಕಟ್ಟಿಕೊಂಡರೆ ಗ್ಯಾಸ್ಕೆಟ್ಟಿನ ಸುತ್ತ ಆವಿ ನುಗ್ಗುವಂತೆ, ಒಳಗಿನ ಒತ್ತಡ ಸಿಕ್ಕಸಿಕ್ಕ ಸೀಲುಗಳಿಂದ ಆಯಿಲನ್ನು ಹೊರಕ್ಕೆ ನೂಕುತ್ತದೆ. ಹೊಸ ಸೀಲ್ ಹಾಕಿಸಿದರೆ ಅದೂ ಕೆಲವೇ ದಿನಗಳಲ್ಲಿ ಜಿನುಗುತ್ತದೆ, ಆಗ ಬೈಗುಳ ಸಿಗುವುದು ಸೀಲ್ ಮಾರಿದ ಅಂಗಡಿಗೆ. ಒತ್ತಡ ಹೆಚ್ಚಿದ್ದಾಗ ಟರ್ಬೊದಿಂದ ಮರಳಬೇಕಾದ ಆಯಿಲೂ ಚೇಂಬರಿಗೆ ಇಳಿಯಲಾಗದೆ ಟರ್ಬೊದ ಸೀಲುಗಳನ್ನು ದಾಟುತ್ತದೆ. ಕೆಟ್ಟಿಲ್ಲದ ಟರ್ಬೊವನ್ನು ಬದಲಿಸುವ ದುಬಾರಿ ಮೂರ್ಖತನ ನಡೆಯುವುದು ಈ ಹಂತದಲ್ಲಿ.

ಪರೀಕ್ಷೆ ಸರಳ. ಎಂಜಿನ್ ಬಿಸಿಯಾದ ಮೇಲೆ, ಐಡ್ಲಿಂಗಿನಲ್ಲಿ, ಕೈಗೆ ಬಟ್ಟೆ ಹಿಡಿದು ಆಯಿಲ್ ಹಾಕುವ ಮುಚ್ಚಳವನ್ನು ತೆಗೆದು ಅದೇ ಬಾಯಿಯ ಮೇಲೆ ಮಗುಚಿಡಿ. ಸ್ವಲ್ಪ ಅದುರುವುದು ಸಹಜ. ಮುಚ್ಚಳ ಕುಣಿದು ಕೆಳಗೆ ಬಿದ್ದರೆ, ಹೊಗೆ ಬುಸುಬುಸು ಎದ್ದರೆ, ಒತ್ತಡ ಮಿತಿ ಮೀರಿದೆ. ಆಗ ಬ್ರೀದರ್ ಹೋಸನ್ನು ಕಳಚಿ ಜಾಲರಿಯನ್ನು ಸ್ವಚ್ಛಗೊಳಿಸಿ ಮತ್ತೆ ನೋಡಿ. ಕುಣಿತ ನಿಂತರೆ ರೋಗ ಬ್ರೀದರಿನದು. ಸ್ವಚ್ಛಗೊಳಿಸಿದ ಮೇಲೂ ಹೋಸಿನ ಬಾಯಿಂದಲೇ ಹೊಗೆ ಧಾರೆಯಾಗಿ ಬರುತ್ತಿದ್ದರೆ ರಿಂಗುಗಳು ಸವೆದಿವೆ, ಮೆಕ್ಯಾನಿಕ್ಕುಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು ಇದನ್ನೇ. ಬೋರ್ ಮಾಡಿಸಿ ಎಂದವರ ಮಾತಿಗೆ ಆಗ ಬೆಲೆ ಬರುತ್ತದೆ. ಆದರೂ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಳೆದು, ಬರೆದುಕೊಡದವರಿಂದ ಎಂಜಿನ್ ಬಿಚ್ಚಿಸಬೇಡಿ.

ಹಿಂದಿನ ಕ್ರ್ಯಾಂಕ್ ಸೀಲನ್ನು ಕೊನೆಯಲ್ಲಿ ಅನುಮಾನಿಸಿ. ಕ್ಲಚ್ ಹೌಸಿಂಗಿನ ತಳದಲ್ಲಿ ಸಾಮಾನ್ಯವಾಗಿ ಸಣ್ಣ ತೂತು ಅಥವಾ ಬಿಚ್ಚಬಹುದಾದ ತಗಡು ಇರುತ್ತದೆ. ಹೊರಮೈ ಪೂರ್ತಿ ಒಣಗಿದ್ದು, ಆ ತೂತಿನಿಂದ ಮಾತ್ರ ಕಪ್ಪು ಆಯಿಲ್ ಬಂದರೆ ಸೀಲ್ ಹೋಗಿದೆ. ಬರುವುದು ಘಾಟಿನ ಗೇರ್ ಆಯಿಲ್ ಆದರೆ ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ಸೀಲ್ ಹೋಗಿದೆ. ಏರಿನಲ್ಲಿ ಕ್ಲಚ್ ಜಾರತೊಡಗಿದರೆ ಆಯಿಲ್ ಪ್ಲೇಟಿಗೆ ತಲುಪಿದೆಯೆಂದು ತಿಳಿಯಿರಿ. ಟ್ರಾನ್ಸ್‌ಫರ್ ಕೇಸ್ ಸಮೇತ ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದಾದ್ದರಿಂದ, ಇಳಿಸಿದ ಮೇಲೆ ಎರಡೂ ಸೀಲುಗಳನ್ನು, ರಿಲೀಸ್ ಬೇರಿಂಗನ್ನು, ಸವೆದಿದ್ದರೆ ಕ್ಲಚ್ ಪ್ಲೇಟನ್ನು ಒಟ್ಟಿಗೇ ಬದಲಿಸಿ. ಹಳೆಯ ಸೀಲಿನ ತುಟಿ ಉಜ್ಜಿ ಕ್ರ್ಯಾಂಕಿನ ಮೇಲೆ ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲ್ ಅದೇ ಗೀರಿನಲ್ಲಿ ಕೂತು ಮತ್ತೆ ಸೋರುತ್ತದೆ. ಜಾಗವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಬೇಕು, ಇಲ್ಲವೆ ಕ್ರ್ಯಾಂಕಿಗೆ ತೆಳುವಾದ ಉಕ್ಕಿನ ಸ್ಲೀವ್ (ಕೊಳವೆಯಂಥ ಹೊದಿಕೆ) ತೊಡಿಸಬೇಕು. ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಸೀಲ್ ತರಲು ಹೋಗುವಾಗ ಹಳೆಯದನ್ನು ಜೊತೆಗೆ ಒಯ್ದು, ಅದರ ಮೇಲೆ ಒತ್ತಿರುವ ಒಳವ್ಯಾಸ, ಹೊರವ್ಯಾಸ, ದಪ್ಪಗಳ ಅಂಕಿಗಳನ್ನು ಹೋಲಿಸಿಯೇ ಕೊಳ್ಳಿ.

ಪ್ರಶ್ನೆ: ನನ್ನದು ಹಳೆಯ ಮಹೀಂದ್ರಾ ಎಂಎಂ 540. ಚೇಂಬರ್ ಪ್ಯಾಕಿಂಗನ್ನು ಮತ್ತೆ ಮತ್ತೆ ಬದಲಿಸಿ, ಸಿಲಿಕೋನ್ ಪೇಸ್ಟನ್ನು ದಪ್ಪಗೆ ಮೆತ್ತಿಸಿದರೂ ಒಂದೇ ತಿಂಗಳಲ್ಲಿ ಮತ್ತೆ ಒದ್ದೆ. ಬೋಲ್ಟುಗಳನ್ನು ಇನ್ನೂ ಬಿಗಿ ಮಾಡಿಸಲೆ?
— ಓದುಗರು, ಕೆಂಗೇರಿ

ಉತ್ತರ: ದಯವಿಟ್ಟು ಬೇಡ, ಬಿಗಿ ಮಾಡಿದ್ದರಿಂದಲೇ ಹೀಗಾಗಿರುವ ಸಾಧ್ಯತೆ ಹೆಚ್ಚು. ನಿಮ್ಮ ಜೀಪಿನ 2112 ಸಿಸಿಯ ಪೆಜೋ ಎಂಜಿನ್ನಿಗೆ ಟರ್ಬೊ ಇಲ್ಲವಾದ್ದರಿಂದ ಅನುಮಾನಿಸಬೇಕಾದ ಜಾಗ ಒಂದು ಕಡಿಮೆ, ಆದರೆ ತಗಡಿನ ಚೇಂಬರಿನ ಕಷ್ಟ ಎಲ್ಲ ಎಂಜಿನ್ನುಗಳಿಗೂ ಒಂದೇ. ಬೋಲ್ಟನ್ನು ಅತಿಯಾಗಿ ಬಿಗಿದಾಗ ತೂತಿನ ಸುತ್ತಲಿನ ತಗಡು ಮೇಲಕ್ಕೆ ಉಬ್ಬಿ, ಎರಡು ಬೋಲ್ಟುಗಳ ನಡುವಿನ ಅಂಚು ಬ್ಲಾಕಿನಿಂದ ದೂರವಾಗುತ್ತದೆ. ಚೇಂಬರನ್ನು ಬಿಚ್ಚಿ ದಪ್ಪ ಗಾಜಿನ ಮೇಲೆ ಮಗುಚಿಟ್ಟರೆ ಸಂದಿನಲ್ಲಿ ಬೆಳಕು ಕಾಣುತ್ತದೆ. ಉಬ್ಬಿದ ತೂತುಗಳನ್ನು ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಸಮ ಮಾಡಿಸಿ. ಎರಡೂ ಮೈಗಳಲ್ಲಿ ಆಯಿಲಿನ ಪಸೆಯೇ ಇರಕೂಡದು. ಆರು ಮಿಲಿಮೀಟರಿನ ಬೋಲ್ಟಾದರೆ ಸುಮಾರು 10 ನ್ಯೂಟನ್ ಮೀಟರ್ ಸಾಕಾಗುತ್ತದೆ. ನಡುವಿನಿಂದ ಆರಂಭಿಸಿ ಎದುರುಬದುರಾಗಿ, ಎರಡು ಸುತ್ತಿನಲ್ಲಿ ಬಿಗಿಸಬೇಕು. ಎಂಜಿನ್ನಿನ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದೇ ಪ್ರಮಾಣ.

ಸಿಲಿಕೋನನ್ನು ದಪ್ಪಗೆ ಮೆತ್ತುವುದು ನಿಷ್ಪ್ರಯೋಜಕ ಮಾತ್ರವಲ್ಲ, ಅಪಾಯವೂ ಹೌದು. ಒಳಕ್ಕೆ ಹಿಂಡಿಬಂದ ಪೇಸ್ಟ್ ತುಂಡಾಗಿ ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಂಡರೆ ಬೇರಿಂಗುಗಳಿಗೆ ಆಯಿಲ್ ಸಿಗದೆ ಎಂಜಿನ್ ಹಿಡಿದುಕೊಳ್ಳುತ್ತದೆ. ಪ್ಯಾಕಿಂಗ್ ಇದ್ದಲ್ಲಿ ಅದು ಬೇಕಾಗುವುದು ಟೈಮಿಂಗ್ ಕವರ್ ಮತ್ತು ಹಿಂದಿನ ಬೇರಿಂಗ್ ಕ್ಯಾಪ್ ಬ್ಲಾಕನ್ನು ಸೇರುವ ಮೂಲೆಗಳಿಗೆ, ಅದೂ ಕಡಲೆಕಾಳಿನಷ್ಟು. ಹಾಕಿದ ಮೇಲೆ ಒಂದು ರಾತ್ರಿ ಬಿಟ್ಟು ಆಯಿಲ್ ತುಂಬಿಸಿ. ಚೇಂಬರ್ ಬಿಚ್ಚಿದಾಗ ಡ್ರೈನ್ ಬೋಲ್ಟಿನ ವಾಷರನ್ನೂ ಬದಲಿಸಿ. ಇಷ್ಟು ಮಾಡಿಯೂ ಒದ್ದೆಯಾದರೆ ಮೇಲಿನ ಉತ್ತರದಲ್ಲಿರುವ ಮುಚ್ಚಳದ ಪರೀಕ್ಷೆ ಮಾಡಿ.

ಪ್ರಶ್ನೆ: ಆಯಿಲ್ ಸೋರುತ್ತಿದ್ದರೂ ಡಿಪ್ ಸ್ಟಿಕ್ಕಿನಲ್ಲಿ ಮಟ್ಟ ಇಳಿಯುವ ಬದಲು ಏರುತ್ತಿದೆ. ಇದು ಹೇಗೆ ಸಾಧ್ಯ?
— ಓದುಗರು, ಯಲಹಂಕ

ಉತ್ತರ: ಗಾಡಿಯನ್ನು ಈ ದಿನವೇ ನಿಲ್ಲಿಸಿ. ಮಟ್ಟ ಏರುತ್ತಿದೆಯೆಂದರೆ ಆಯಿಲಿಗೆ ಡೀಸೆಲ್ ಅಥವಾ ರೇಡಿಯೇಟರ್ ನೀರು ಸೇರುತ್ತಿದೆ. ನೀರಾದರೆ ಆಯಿಲ್ ಕಾಫಿಬಣ್ಣಕ್ಕೆ ತಿರುಗುತ್ತದೆ. ಡೀಸೆಲ್ಲಾದರೆ ಡಿಪ್ ಸ್ಟಿಕ್ಕಿನಲ್ಲೇ ವಾಸನೆ ಬರುತ್ತದೆ, ಆಯಿಲ್ ನೀರಿನಂತೆ ತೆಳುವಾಗಿರುತ್ತದೆ. ಒಂದು ಹನಿಯನ್ನು ಒತ್ತುಕಾಗದದ ಮೇಲೆ ಬಿಟ್ಟರೆ ಕಪ್ಪು ಚುಕ್ಕೆಯ ಸುತ್ತ ತಿಳಿಬಣ್ಣದ ಅಗಲ ಉಂಗುರ ಹರಡುತ್ತದೆ. ತೆಳುವಾದ ಆಯಿಲ್ ಎಲ್ಲ ಸೀಲುಗಳಿಂದಲೂ ಸುಲಭವಾಗಿ ಜಿನುಗುವುದರಿಂದ ಸೋರಿಕೆ ಇಲ್ಲಿ ಬರಿಯ ಲಕ್ಷಣ. ಎಂಜಿನ್ನಿನ ಮೈಗೆ ಕೂರಿಸಿದ ಡೀಸೆಲ್ ಫೀಡ್ ಪಂಪಿನ ಡಯಾಫ್ರಮ್ ಹರಿದಿರಬಹುದು, ಇಂಜೆಕ್ಷನ್ ಪಂಪಿನ ಶಾಫ್ಟ್ ಸೀಲ್ ಹೋಗಿರಬಹುದು, ಇಲ್ಲವೆ ಇಂಜೆಕ್ಟರೊಂದು ಡೀಸೆಲ್ಲನ್ನು ಸಿಡಿಸದೆ ಸುರಿಸುತ್ತಿರಬಹುದು. ಡೀಸೆಲ್ ಪಂಪುಗಳನ್ನು ತಯಾರಿಸಿದ ಮೈಕೋ ಕಾರ್ಖಾನೆಯ ಊರಾದ ಬೆಂಗಳೂರಿನಲ್ಲಿ ಪಂಪನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಬಲ್ಲ ಕೈಗಳಿಗೆ ಕೊರತೆಯಿಲ್ಲ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಗ್ಯಾರೇಜಿನಲ್ಲಿ ಮೈಕೋ ಪಂಪ್ ಎಂದೇ ಕೇಳಬಹುದು.

ನಿಲ್ಲಿಸಿ ಎಂದು ಒತ್ತಿ ಹೇಳಲು ಕಾರಣವಿದೆ. ಮಟ್ಟ ಮಿತಿಮೀರಿದಾಗ ಬ್ರೀದರಿನ ಮೂಲಕ ಆಯಿಲ್ ಗಾಳಿಯ ದಾರಿಗೆ ಸೇರಿ, ಡೀಸೆಲ್ ಎಂಜಿನ್ ತನ್ನದೇ ಆಯಿಲನ್ನು ಉರಿಸಿಕೊಂಡು ಹತೋಟಿ ಮೀರಿ ಓಡತೊಡಗಬಹುದು. ಕೀಲಿ ತಿರುಗಿಸಿದರೂ ಅದು ನಿಲ್ಲುವುದಿಲ್ಲ. ಗಾಡಿ ನಿಂತಿದ್ದರೆ ಬ್ರೇಕನ್ನು ಬಲವಾಗಿ ಒತ್ತಿ, ಮೇಲಿನ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸಬೇಕು. ಅದು ಆಗದಿದ್ದರೆ ಗಾಳಿ ಎಳೆಯುವ ಬಾಯಿಗೆ ದಪ್ಪ ಹಲಗೆ ಒತ್ತಿ ಹಿಡಿಯಬೇಕು. ಕೈಯನ್ನು ಮಾತ್ರ ಎಂದೂ ಅಡ್ಡ ಹಿಡಿಯಬೇಡಿ.

ಪ್ರಶ್ನೆ: ಸೋರಿಕೆ ನಿಲ್ಲಿಸುವ ದ್ರಾವಣವೆಂದು ಬಾಟಲಿಯಲ್ಲಿ ಸಿಗುತ್ತದೆಯಲ್ಲ, ಅದನ್ನು ಹಾಕಬಹುದೆ? ಇನ್ನೂ ದಪ್ಪದ ಆಯಿಲ್ ಹಾಕಿದರೆ?
— ಓದುಗರು, ಜಯನಗರ

ಉತ್ತರ: ಅವು ರಬ್ಬರನ್ನು ಕೊಂಚ ಉಬ್ಬಿಸಿ ಕೆಲಸ ಮಾಡುತ್ತವೆ. ಗಡುಸಾದ ಸೀಲಿನ ಸಣ್ಣ ಜಿನುಗಿಗೆ ಸ್ವಲ್ಪ ಕಾಲ ಉಪಯೋಗವಾದೀತು. ಬಿರುಕು ಬಿಟ್ಟ ಹೋಸಿಗೆ, ಕಾರ್ಕಿನ ಪ್ಯಾಕಿಂಗಿಗೆ, ಸವೆದ ಕ್ರ್ಯಾಂಕಿಗೆ ಏನೂ ಆಗದು. ಗಾಡಿ ಮಾರುವವರು ಇದನ್ನು ಇಷ್ಟಪಡುತ್ತಾರೆ, ಇಟ್ಟುಕೊಳ್ಳುವವರಿಗೆ ನಾನು ಹೇಳುವುದಿಲ್ಲ. ಇಂಥ ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಹೆಚ್ಚಿನವಕ್ಕೆ 15ಡಬ್ಲ್ಯು-40 ದಪ್ಪದ ದರ್ಜೆಯೇ ಸರಿ. ಅದಕ್ಕಿಂತ ದಪ್ಪದ್ದನ್ನು ಹಾಕಿದರೆ ಬೆಳಗಿನ ಚಳಿಯಲ್ಲಿ ಎಂಜಿನ್ ಶುರುವಾದಾಗ ಟರ್ಬೊಗೆ ಆಯಿಲ್ ತಲುಪುವುದು ತಡವಾಗುತ್ತದೆ.